ಮಡಿಲಿನಿಂದ ತೆಗೆದ ಕಾಯಿ

ಇದು ಹೀಗೇ ನಡೆಯಿತೆಂದು ನಾನು ಆಣೆ ಮಾಡಿ ಹೇಳಲಾರೆ. ಭೌತಶಾಸ್ತ್ರ ಓದಿ, ಅದನ್ನೇ ಪಾಠ ಮಾಡಿದವನು. ಶಕುನ, ಸೂಚನೆಗಳೆಲ್ಲ ಮನಸ್ಸು ಆಮೇಲೆ ಹೆಣೆದುಕೊಳ್ಳುವ ಕತೆಗಳೆಂದು ಹುಡುಗರಿಗೆ ಹೇಳುತ್ತ ಬಂದಿದ್ದೇನೆ. ನನ್ನ ನೆನಪೂ ಅಂಥದ್ದೇ ಇರಬಹುದು. ಆದರೂ ಆ ಬೆಳಗ್ಗೆ ಕಂಡದ್ದು ನನ್ನನ್ನು ಬಿಟ್ಟಿಲ್ಲ.

ತೊಂಬತ್ತರ ದಶಕದ ಕೊನೆ. ನಾನಾಗ ಚನ್ನರಾಯಪಟ್ಟಣದಲ್ಲಿ ಕೆಲಸದಲ್ಲಿದ್ದೆ. ಮದುವೆಯಾಗಿ ಬಹಳ ಕಾಲದ ಮೇಲೆ ನನ್ನ ಹೆಂಡತಿ ಜಯಂತಿ ಬಸುರಾಗಿದ್ದಳು. ಎರಡನೇ ತಿಂಗಳು ದಾಟುವಷ್ಟರಲ್ಲಿ ಸ್ವಲ್ಪ ರಕ್ತ ಕಂಡಿತೆಂದು ಹಾಸನಕ್ಕೆ ಓಡಿದೆವು. ಸ್ಕ್ಯಾನ್ ಮಾಡಿದ ಡಾಕ್ಟರಮ್ಮ ಅವಳಿ ಎಂದರು. ಬೇರೆ ಬೇರೆ ಚೀಲ, ಎರಡೂ ಗುಂಡಿಗೆ ಬಡಿಯುತ್ತಿದ್ದವು. ಆದರೆ ಒಂದು ಮಗು ಚಿಕ್ಕದಿತ್ತು, ಅದರ ಬಡಿತ ನಿಧಾನವಿತ್ತು. "ಈಗ್ಲೇ ಏನೂ ಹೇಳಕ್ಕಾಗಲ್ಲ. ಮಾತ್ರೆ ಬಿಡ್ಬೇಡಿ, ಭಾರ ಎತ್ಬೇಡಿ. ಕೆಲವು ವಾರ ಬಿಟ್ಟು ಮತ್ತೆ ನೋಡೋಣ" ಎಂದರು.

ಜಯಂತಿಯನ್ನು ಅರಕಲಗೂಡಿನ ಹತ್ತಿರದ ತವರಿನಲ್ಲಿ ಬಿಟ್ಟೆ. ಅತ್ತೆಗೆ ಅವಳಿ ಎಂದಷ್ಟೇ ಹೇಳಿದೆವು, ಉಳಿದದ್ದನ್ನು ಹೇಳಲಿಲ್ಲ.

ಎರಡನೇ ಸ್ಕ್ಯಾನಿನ ದಿನ ಕರೆದೊಯ್ಯಲು ಹೋದೆ. ಅಲ್ಲಿಂದ ನೇರ ನಮ್ಮ ಮನೆಗೆ ಹೋಗುವುದೆಂದಿತ್ತು. ಹೊರಡುವಾಗ ಅತ್ತೆ ಮಗಳಿಗೆ ಹಸಿರು ಬಳೆ ತೊಡಿಸಿ, ಮಣೆಯ ಮೇಲೆ ಕೂರಿಸಿ ಮಡಿಲು ತುಂಬಿದರು. ಅಕ್ಕಿ, ಬೆಲ್ಲ, ಎಲೆ ಅಡಿಕೆ, ಅದರ ಮೇಲೆ ತೆಂಗಿನಕಾಯಿ. ಒಂದಲ್ಲ, ಎರಡು.

"ಎಲ್ಡು ಮಕ್ಳಿಗೆ ಎಲ್ಡು ಕಾಯಿ" ಎಂದರು.

ಬಾಗಿಲಲ್ಲಿ ನಿಂತಿದ್ದ ಜಯಂತಿಯ ಅಣ್ಣ, "ಭಾವ, ಬಸ್ಸಲ್ಲಿ ನಾಕ್ ಜನ ಅಂತ ಬಾಯ್ಬುಟ್ಟೀರಿ, ಕಂಡಕ್ಟ್ರು ನಾಕ್ ಟಿಕೀಟೂ ಅರ್ದ್ಬುಡ್ತಾನೆ!" ಎಂದ. ಎಲ್ಲರೂ ನಕ್ಕೆವು, ಜಯಂತಿಯೂ.

ಕಂಬದ ಪಕ್ಕ ನಿಂತಿದ್ದ ನಾನು ಆಗ ಕಂಡದ್ದು ಇಷ್ಟು. ಹಸಿರು ಬಳೆ ತೊಟ್ಟ ಕೈಯೊಂದು ಮಡಿಲಿನಿಂದ ಒಂದು ಕಾಯಿ ತೆಗೆದು ನೆಲದ ಮೇಲಿಟ್ಟಿತು. ಅವಸರವಿಲ್ಲದೆ, ಒಡೆಯುವ ವಸ್ತುವೇನೋ ಎಂಬಂತೆ.

"ಅಯ್ಯೋ, ಮಡ್ಲಿಗಾಕಿದ್ದ ತಗೀತಾರೇನೆ! ಏನಾಗದೆ ನಿಂಗೆ?" ಅತ್ತೆ ಕಿರುಚಿದರು. ಜಯಂತಿ ಕೆಳಗಿದ್ದ ಕಾಯಿಯನ್ನು ಗುರುತೇ ಸಿಗದವಳಂತೆ ನೋಡಿದಳು. ಸೆರಗು ಕಟ್ಟಿಕೊಂಡು ಎದ್ದಳು. ಬಸ್ಸು ಗೊರೂರು ದಾಟಿದರೂ ಮಡಿಲ ಗಂಟಿನ ಮೇಲಿಂದ ಕೈ ತೆಗೆಯಲಿಲ್ಲ.

ಹಾಸನದಲ್ಲಿ ಡಾಕ್ಟರಮ್ಮ ಬಹಳ ಹೊತ್ತು ಪರದೆ ನೋಡಿದರು. ಚಿಕ್ಕ ಮಗುವಿನ ಬಡಿತ ಇರಲಿಲ್ಲ. ಆಪರೇಷನ್ ಬೇಡ, ಅದು ಒಳಗೇ ಕರಗಿಹೋಗುತ್ತದೆ. ಇನ್ನೊಂದು ಚೆನ್ನಾಗಿದೆ, ಅದರ ಚೀಲವೇ ಬೇರೆ, ಇಷ್ಟು ಬೇಗ ಆದ್ದರಿಂದ ಅದಕ್ಕೆ ತೊಂದರೆ ಕಡಿಮೆ. ಆದರೂ ರಕ್ತ, ನೋವು ಕಂಡರೆ ತಕ್ಷಣ ಬನ್ನಿ ಎಂದರು. "ನೀವು ಮಾಡಿದ್ದು, ಬಿಟ್ಟಿದ್ದು ಯಾವುದರಿಂದಲೂ ಅಲ್ಲಮ್ಮ" ಎಂದೂ ಹೇಳಿದರು. ಜಯಂತಿ ಕೇಳಿಸಿಕೊಂಡಂತೆ ಕಾಣಲಿಲ್ಲ.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಅವಳು ಕೇಳಿದಳು, "ಆ ಕಾಯಿ ಯಾಕ್ರೀ ತೆಗುದ್ರಿ?"

"ನಾನಾ? ನೀನಲ್ವೇನೆ ತೆಗ್ದಿದ್ದು?"

"ವಾಚ್ ಕಟ್ಟಿದ್ ಕೈ. ನನ್ ಮಡ್ಲಿಗೆ ಬಂದ್ ಕೈ ನಂಗೆ ಕಾಣ್ಲಿಲ್ವಾ?"

ನನ್ನ ಕೈಯಲ್ಲಿ ವಾಚಿತ್ತು ನಿಜ. ಆದರೆ ನಾನು ಕಂಬದ ಪಕ್ಕದಿಂದ ಕದಲಿರಲಿಲ್ಲ. ಕದಲಿರಲಿಲ್ಲ ಎಂದೇ ಈಗಲೂ ನನ್ನ ನೆನಪು. ಆಮೇಲೆ ಅತ್ತೆಯನ್ನು ಕೇಳಿದರೆ, ಕೈಯನ್ನು ತಾನು ನೋಡೇ ಇಲ್ಲ, ಕಾಯಿ ನೆಲದ ಮೇಲಿದ್ದದ್ದನ್ನಷ್ಟೇ ಕಂಡೆ ಎಂದರು. ಮಗಳೇ ಇರಬೇಕೆಂದು ಬೈದರಂತೆ.

ಉಳಿದ ತಿಂಗಳುಗಳನ್ನು ನೆನೆಯಲು ಇಷ್ಟವಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ, ಮಗುವನ್ನು ಬೇಡ ಎಂದದ್ದು ಇನ್ನೊಬ್ಬರೇ ಎಂದು ನಂಬಿಕೊಂಡು ಬದುಕಿದೆವು. ಹೊಟ್ಟೆಯಲ್ಲಿ ಉಳಿದಿದ್ದ ಮಗು ಒದೆಯತೊಡಗಿದಾಗ ಮುಟ್ಟಿನೋಡಲು ನಾನು ಕೈ ಚಾಚಿದರೆ ಅವಳು ಮಗ್ಗುಲಾಗುತ್ತಿದ್ದಳು. "ಇದ್ನಾದ್ರೂ ಬಿಡಿ" ಎಂದಳು ಒಮ್ಮೆ. ಹೆರಿಗೆ ದಿನ ತುಂಬುವ ಮೊದಲೇ ಆಯಿತು. ಮಗಳು. ತೀರಾ ಸಣ್ಣಗಿದ್ದಳು, ಆದರೆ ಬದುಕಿದಳು. ಅವಳನ್ನು ಎತ್ತಿಕೊಳ್ಳಲು ನಾನು ಬಾಗಿದಾಗ ಜಯಂತಿ ಸೆರಗಿನಿಂದ ಮುಚ್ಚಿಕೊಂಡಳು.

ಭಯ ಅವಳ ಕೈಯಿಂದ ಆ ಕೆಲಸ ಮಾಡಿಸಿತು, ಆಮೇಲೆ ಮರೆಸಿತು ಎಂದು ವಿವರಿಸಬಹುದು. ಅದೇ ವಿವರಣೆ ನನ್ನ ಕೈಗೂ ಅನ್ವಯಿಸುತ್ತದೆ, ಹಾಗಾಗಿ ನನಗೆ ಅದರಿಂದ ಸಮಾಧಾನವಿಲ್ಲ.

ಆಸ್ಪತ್ರೆಯಿಂದ ಬಿಡುಗಡೆಯಾದ ದಿನ ನಾನೊಬ್ಬನೇ ಡಾಕ್ಟರಮ್ಮನ ಕೋಣೆಗೆ ಹೋಗಿ ಒಂದೇ ಪ್ರಶ್ನೆ ಕೇಳಿದೆ. ಅವರು ಎರಡೂ ಸ್ಕ್ಯಾನಿನ ಅಳತೆ ಹೋಲಿಸಿ ಉತ್ತರ ಹೇಳಿದರು. ನಂಬದೆ ಆ ಸ್ಕ್ಯಾನ್ ಕಾಗದಗಳನ್ನು ಹೊಳೆನರಸೀಪುರದಲ್ಲಿ ಇನ್ನೊಬ್ಬ ಡಾಕ್ಟರಿಗೂ ತೋರಿಸಿದೆ. ಅವರೂ ಅದನ್ನೇ ಹೇಳಿದರು. ಅತ್ತೆ ಮಡಿಲು ತುಂಬುವುದಕ್ಕೆ ವಾರದಷ್ಟು ಮೊದಲೇ ಆ ಮಗುವಿನ ಗುಂಡಿಗೆ ನಿಂತುಹೋಗಿತ್ತು.