ಧಾರೆ ನಿಂತ ಮಧ್ಯಾಹ್ನ

ಮಳವಳ್ಳಿಯಲ್ಲಿ ನಮ್ಮದೊಂದು ಸ್ಟುಡಿಯೊ. ನಮ್ಮ ಯಜಮಾನರು ಮದುವೆಗಳಿಗೆ ಹೋಗಿ ವಿಡಿಯೊ ತೆಗೆಯುತ್ತಾರೆ, ನಾನು ಕೂತು ಎಡಿಟ್ ಮಾಡುತ್ತೇನೆ. ಹೊಗಳಿಕೆಯೆಲ್ಲ ಅವರಿಗೆ, ಬೈಗುಳವೆಲ್ಲ ನನಗೆ. ವಿಡಿಯೊ ಯಾವಾಗ ಕೊಡ್ತೀರಿ ಎಂದು ಕೇಳುವವರು ಬಂದು ನಿಲ್ಲುವುದು ನನ್ನ ಮೇಜಿನ ಮುಂದೆಯೇ.

ಹಳೆಯ ಕಂಪ್ಯೂಟರ್ ಕೈಕೊಟ್ಟಾಗ ಇಬ್ಬರೂ ಮಂಡ್ಯಕ್ಕೆ ಹೋದೆವು. ಅಂಗಡಿಯವನು ಎರಡು ತೋರಿಸಿದ. ಒಂದರಲ್ಲಿ ಹೊಸ ಪ್ರೊಸೆಸರ್, ಗಿಗಾಹರ್ಟ್ಸ್ ಕಡಿಮೆ. ಇನ್ನೊಂದು ಕೆಲವು ವರ್ಷ ಹಳೆಯ ಮಾದರಿ, ಗಿಗಾಹರ್ಟ್ಸ್ ಜಾಸ್ತಿ. ನಮ್ಮ ಕಡೆ ಪಂಪ್‌ಸೆಟ್ ಕೊಳ್ಳುವವರು ಎಷ್ಟು ಎಚ್‌ಪಿ ಎಂದು ಕೇಳುತ್ತಾರೆಯೇ ಹೊರತು ಬೇರೇನೂ ಕೇಳುವುದಿಲ್ಲ. ಯಜಮಾನರು ಇಲ್ಲೂ ಹಾಗೇ ಮಾಡಿದರು.

"ನಂಬರ್ ದೊಡ್ಡದಿರೋದ್ನೇ ತಕ್ಕಳಾನ ಕಣಮ್ಮಿ. ಮೋಟ್ರು ದೊಡ್ಡದಾದ್ರೆ ನೀರು ಜಾಸ್ತಿ ಬತ್ತದೆ."

ನನಗೂ ಸರಿಯೆನಿಸಿತು. ಹಳೆಯ ಹಾರ್ಡ್‌ಡಿಸ್ಕನ್ನೇ ಅದಕ್ಕೆ ಹಾಕಿಸಿಕೊಂಡು, ದೊಡ್ಡ ನಂಬರ್ ಮನೆಗೆ ತಂದೆವು.

ಆ ವೈಶಾಖದಲ್ಲಿ ಹಲಗೂರಿನ ಹತ್ತಿರದ ಒಂದು ಹಳ್ಳಿಯ ಹುಡುಗಿಯ ಮದುವೆ ಒಪ್ಪಿಕೊಂಡಿದ್ದೆವು. ತಾಯಿ ಇಲ್ಲದ ಹುಡುಗಿ. ತಂದೆಗೆ ಲಕ್ವ ಹೊಡೆದು ಬಲಭಾಗ ಸ್ವಾಧೀನವಿರಲಿಲ್ಲ. ಮದುವೆ ನಡೆದ ಮದ್ದೂರಿನ ಛತ್ರಕ್ಕೆ ಅವರನ್ನು ಕರೆತರಲು ಆಗದೆ, ಚಿಕ್ಕಪ್ಪ ಚಿಕ್ಕಮ್ಮ ಧಾರೆ ಎರೆದುಕೊಟ್ಟರು. ಯಾರೋ ಫೋನಿನಲ್ಲಿ ತೋರಿಸಲು ನೋಡಿದರಂತೆ. ತಂದೆಗೆ ಕಂಡದ್ದು ಮಂಟಪದ ಸುತ್ತ ನಿಂತವರ ಬೆನ್ನು.

ಮೂರನೆಯ ದಿನ ಹೆಣ್ಣಿನ ಮನೆಯಲ್ಲಿ ಬೀಗರ ಊಟ. ಗಂಡಿನ ಕಡೆಯವರು ಬಂದು ಬಾಡೂಟ ಉಂಡು ಹುಡುಗಿಯನ್ನು ಕರೆದುಕೊಂಡು ಹೋಗುತ್ತಾರೆ. ಮದುವೆಯ ದಿನ ನಾನೂ ಜೊತೆಗೆ ಹೋಗಿದ್ದೆ. ಛತ್ರದಲ್ಲೇ ಆ ಹುಡುಗಿ ನನ್ನ ಕೈ ಹಿಡಿದುಕೊಂಡಳು.

"ಅಕ್ಕಾ, ಪೂರ್ತಿ ವಿಡಿಯೊ ಯಾವಾಗ್ಲಾದ್ರೂ ಕೊಡಿ. ಧಾರೆ ಒಂದ್ನ ಬೀಗ್ರೂಟದ ದಿನ ತಂದ್ಬುಡಿ. ನಮ್ಮಪ್ಪನ ಕೈ ಇಡ್ಕಂಡು ನೋಡ್ಬೇಕು ಕಣಕ್ಕ. ಆಮೇಲೆ ಓಯ್ತೀನಿ."

ದೊಡ್ಡ ನಂಬರಿನ ಧೈರ್ಯದಲ್ಲಿ ಮಾತು ಕೊಟ್ಟುಬಿಟ್ಟೆ.

ಬೀಗರ ಊಟದ ದಿನ ಬೆಳಿಗ್ಗೆ ಧಾರೆಯ ಭಾಗವನ್ನು ಜೋಡಿಸಿ ರೆಂಡರಿಗೆ ಹಾಕಿದೆ. ತುಂಡು ತುಂಡು ದೃಶ್ಯಗಳನ್ನು ಬೆಸೆದು, ಟಿವಿಯಲ್ಲಿ ಓಡುವಂಥ ಒಂದು ಫೈಲ್ ಮಾಡುವ ಕೆಲಸ ಅದು. ಎಷ್ಟು ಮುಗಿಯಿತೆಂದು ತೋರಿಸುವ ಪರದೆಯ ಮೇಲಿನ ಹಸಿರು ಗೆರೆ ಒಂದಿಷ್ಟು ತೆವಳಿ ನಿಂತಿತು. ನಮ್ಮದು ಶೀಟಿನ ಮನೆ, ಮೇಲೆ ಬಿಸಿಲು. ಕಂಪ್ಯೂಟರಿನ ಡಬ್ಬದೊಳಗಿನ ಫ್ಯಾನು ಒಂದೇ ಸಮನೆ ಒರಲುತ್ತಿತ್ತು. ಅಂಗಡಿಯವನಿಗೆ ಫೋನ್ ಮಾಡಿ ಕೂಗಾಡಿದೆ.

"ಗಿಗಾಹರ್ಟ್ಸ್ ಅಂದ್ರೆ ಸೆಕೆಂಡಿಗೆ ಎಷ್ಟು ಸಲ ಮಿಡೀತದೆ ಅಂತ ಮೇಡಂ. ಒಂದೊಂದು ಮಿಡಿತಕ್ಕೆ ಎಷ್ಟು ಕೆಲ್ಸ ಆಯ್ತದೆ ಅನ್ನೋದು ಬೇರೆ. ಹೊಸದು ನಿಧಾನಕ್ಕೆ ಮಿಡಿದ್ರೂ ಜಾಸ್ತಿ ಕೆಲ್ಸ ಮುಗಿಸ್ತದೆ. ಬಿಸಿ ಏರಿದ್ರೆ ನಿಮ್ಮದರ ವೇಗ ತಾನಾಗೇ ಇಳೀತದೆ, ಸುಟ್ಟೋಗಬಾರದಲ್ಲ. ಹಾರ್ಡ್‌ಡಿಸ್ಕ್ ಬೇರೆ ಹಳೇದು."

"ಇದನ್ನ ಅವತ್ತೇ ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಮ್ಗೆ?"

"ಸಾರ್ ನಂಬರ್ ಒಂದೇ ಕೇಳಿದ್ದು ಮೇಡಂ."

ಸಿಟ್ಟಿನಲ್ಲಿ ಫೋನ್ ಇಟ್ಟೆ. ನಿಡಘಟ್ಟದ ಹತ್ತಿರದ ನನ್ನ ತವರಿನಲ್ಲಿ ಆಲೆಮನೆಯಿತ್ತು. ಅಪ್ಪ ಒಂದು ಸಲ ಗಾಣಕ್ಕೆ ದೊಡ್ಡ ಮೋಟಾರು ಕೂರಿಸಿದರು. ಗಾಣ ಗಿರ್ರನೆ ತಿರುಗಿತು. ಆದರೆ ಕಬ್ಬು ಕೊಡುವ ಕೈ ಹಳೆಯದೇ, ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆಯೂ ಹಳೆಯದೇ, ಬೆಲ್ಲ ಮೊದಲಿನಷ್ಟೇ ಇಳಿಯಿತು. ಅದನ್ನು ಕಣ್ಣಾರೆ ಕಂಡು ಬೆಳೆದವಳು ನಾನು. ಅಂಗಡಿಯಲ್ಲಿ ನಿಂತಾಗ ಅದೆಲ್ಲ ಎಲ್ಲಿಗೆ ಹೋಗಿತ್ತೋ.

ಡಬ್ಬದ ಬಾಗಿಲು ಬಿಚ್ಚಿ ಟೇಬಲ್ ಫ್ಯಾನ್ ಇಟ್ಟೆ. ಬೇರೆ ಸ್ಟುಡಿಯೊದವರನ್ನು ಕೇಳಿದೆ, ಲಗ್ನದ ಕಾಲದಲ್ಲಿ ಯಾರ ಮಿಷನ್ನೂ ಬಿಡುವಿರಲಿಲ್ಲ. ಕ್ಯಾಮೆರಾದ ಮೂಲ ಫೈಲನ್ನು ಓದಲು ಹುಡುಗಿಯ ಮನೆಯ ಟಿವಿಗೆ ಬರುವುದಿಲ್ಲ. ಮಧ್ಯಾಹ್ನವಾಯಿತು. ನನಗೆ ಅಳು ಬಂತು. ಬೈದರೆ ಕೇಳದ, ಕಾಲಿಗೆ ಬಿದ್ದರೂ ಕೇಳದ ವಸ್ತುವಿನ ಮುಂದೆ ಮನುಷ್ಯರು ಏನು ತಾನೆ ಮಾಡಿಯಾರು?

ಕೊನೆಗೆ ಯಜಮಾನರು, "ಮಿಸನ್ನೇ ಎತ್ಕಂಡು ಓಗಾನ ನಡಿ. ಅವ್ರ ಟಿವಿಗೆ ವೈರ್ ಕೊಟ್ಟು ಮೂಲದ್ದನ್ನೇ ಓಡ್ಸಾನ" ಎಂದರು. ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಕೂತೆ. ಬಿಸಿ ಸೀರೆ ದಾಟಿ ತೊಡೆಗೆ ತಾಗುತ್ತಿತ್ತು.

ನಾವು ಮುಟ್ಟುವಷ್ಟರಲ್ಲಿ ಕೊನೆಯ ಪಂಕ್ತಿ ಏಳುತ್ತಿತ್ತು. ಊಟಕ್ಕಿಲ್ಲದ ಉಪ್ಪಿನಕಾಯಿ ನಾನು. ನಡುಮನೆಯಲ್ಲಿ ಮಂಚದ ಮೇಲೆ ತಂದೆಯನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ಮಗಳು ಪಕ್ಕದಲ್ಲಿ ಕೂತು ಅವರ ಎಡಗೈ ಹಿಡಿದುಕೊಂಡಳು. ಟಿವಿಯಲ್ಲಿ ಮಂಟಪ ಬಂತು, ವಾಲಗ ಜೋರಾಯಿತು. ಮಗಳ ಕೈ, ಅಳಿಯನ ಕೈ, ನಡುವೆ ತೆಂಗಿನಕಾಯಿ. ಚಿಕ್ಕಪ್ಪ ಹಾಲಿನ ಚೊಂಬು ಎತ್ತಿದ.

ಚಿತ್ರ ಅಲ್ಲಿಗೇ ನಿಂತಿತು.

ಒತ್ತಿದೆ, ಮತ್ತೆ ಒತ್ತಿದೆ. ಅಲುಗಲಿಲ್ಲ. ನಾನು ಒತ್ತುತ್ತಲೇ ಇರುವ ಸದ್ದು ಕೇಳಿ ತಂದೆ ತೊದಲುತ್ತಾ, "ಇರ್ಲಿ ಬುಡವ್ವ" ಎಂದರು. ಕಣ್ಣು ಪರದೆ ಬಿಟ್ಟು ಕದಲಿರಲಿಲ್ಲ.

ಬಾಗಿಲಲ್ಲಿ ಬೀಗರ ಕಡೆಯ ಹಿರಿಯರೊಬ್ಬರು ಬಂದು ನಿಂತರು. "ರಾವುಕಾಲ ಬತ್ತದೆ ಕಣವ್ವ, ಏಳು ಮತ್ತೆ."

ಹುಡುಗಿ ನನ್ನ ಕಡೆ ನೋಡಿದಳು. "ಅಕ್ಕಾ, ಬತ್ತದಾ?"

ನಾನು ಡಬ್ಬದ ಮುಂದೆ ಕೂತು ಇನ್ನೊಂದು ಸಲ ಒತ್ತಿದೆ. ಅವಳು ಒಂದು ಗಳಿಗೆ ಕಾದು ತಂದೆಯ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು, ಕಾಲಿಗೆ ನಮಸ್ಕಾರ ಮಾಡಿದಳು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಹೊರಟಳು. ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು.

ಆಗ ಟಿವಿಯಲ್ಲಿ ಹಾಲು ಸುರಿಯಿತು. ಸಣ್ಣ ಧಾರೆ, ಒಂದು ಹನಿಯೂ ಮಸುಕಿಲ್ಲ. ತಂದೆಯ ಎಡಗೈ ಮಗಳು ಬಿಟ್ಟ ಕಡೆಯೇ ಅಂಗೈ ಮೇಲಾಗಿ ಬಿದ್ದಿತ್ತು. ಅವರು ಬಾಗಿಲ ಕಡೆ ನೋಡುತ್ತಿದ್ದರು.