ಎತ್ತಿನ ಹಗ್ಗ

ಹೆರಿಗೆ ತಡವಾದರೆ ಮನೆಯಲ್ಲಿ ಕಟ್ಟಿದ್ದನ್ನೆಲ್ಲ ಬಿಚ್ಚಬೇಕು, ಮುಚ್ಚಿದ್ದನ್ನೆಲ್ಲ ತೆರೆಯಬೇಕು ಎಂಬುದು ನಮ್ಮ ಕೋಟುಮಚಗಿ ಮನೆಯ ಪದ್ಧತಿ. ತವರಿನಲ್ಲಿ ತಾಯಿ ಇಲ್ಲದ್ದರಿಂದ ನನ್ನ ಚೊಚ್ಚಲ ಹೆರಿಗೆ ಅತ್ತೆಯ ಕೈಯಲ್ಲೇ ಆಗಬೇಕಿತ್ತು. ನೋವು ಶುರುವಾಗಿ ಮರುದಿನ ಬೆಳಗಾದರೂ ಕೂಸು ಕೆಳಗಿಳಿಯಲಿಲ್ಲ. ಅತ್ತೆ ನನ್ನ ಜಡೆ ಬಿಚ್ಚಿದರು. ಟ್ರಂಕಿನ ಕೀಲಿ ತೆಗೆದರು. ನೆಲದೊಳಗಿನ ಜೋಳದ ಹಗೇವಿನ ಬಾಯಿ ತೆರೆಸಿದರು. ಉಪ್ಪಿನಕಾಯಿ ಭರಣಿಗೆ ಕಟ್ಟಿದ ಬಟ್ಟೆಯನ್ನೂ ಬಿಡಲಿಲ್ಲ.

“ನಿನ್ನ ಬಾಯಿ ಒಂದ ತಗಿಯೂದು ಬ್ಯಾಡ ನೋಡಬೇ ಯಕ್ಕ, ಅದು ಯಾವಾಗಲೂ ತೆರದ ಇರತೈತಿ,” ಎಂದಳು ಸೂಲಗಿತ್ತಿ.

ಅತ್ತೆ ನಗಲಿಲ್ಲ. ಹಿತ್ತಲಿಗೆ ಹೋಗಿ ಎತ್ತುಗಳ ಹಗ್ಗವನ್ನೂ ಬಿಚ್ಚಿ ಬಂದರು.

ಸ್ವಲ್ಪ ಹೊತ್ತಿಗೆ ಸೂಲಗಿತ್ತಿ ಕೈ ತೊಳೆದುಕೊಂಡು ಹೊರಗೆ ಹೋಗಿ ನಮ್ಮ ಯಜಮಾನರಿಗೆ ಹೇಳಿದಳು: “ನನ್ನ ಕೈಲೆ ಆಗೂದಿಲ್ಲರಿ. ಗದಗಿನ ದವಾಖಾನಿಗೆ ಜಲ್ದಿ ಒಯ್ಯರಿ. ಡಾಕ್ಟರಬಾಯಿ ಇಕ್ಕಳ ಹಾಕಿ ತಗೀತಾರ.”

ಅವರು ಚಕ್ಕಡಿ ಹೂಡಲು ಹೋದರು. ಕೊಟ್ಟಿಗೆ ಖಾಲಿ.

“ಯವ್ವ, ಎತ್ತ ಎಲ್ಲೆವ?”

“ನಾನ ಬಿಚ್ಚೇನಿ.”

“ಯಾಕಬೇ?”

ಯಜಮಾನರು ಎತ್ತು ಹುಡುಕಲು ಓಡಿದರು. ಅಂದು ಗದಗಿನಲ್ಲಿ ಏಕೀಕರಣದ ಸಭೆ. ಓಣಿಯ ಚಕ್ಕಡಿಗಳೆಲ್ಲ ಜನರನ್ನು ತುಂಬಿಕೊಂಡು ಹೋಗಿದ್ದವು. ನಮ್ಮ ಎತ್ತುಗಳು ಹಳ್ಳದಾಚೆ ಯಾರದೋ ಹೊಲದಲ್ಲಿ ಸಿಕ್ಕಾಗ ಹೊತ್ತು ಇಳಿದಿತ್ತು.

ದವಾಖಾನೆಯ ಇಕ್ಕಳ ನಮ್ಮ ಒಲೆಯ ಇಕ್ಕಳದಂತಿರಲಿಲ್ಲ; ಎರಡು ಸೌಟುಗಳನ್ನು ಎದುರುಬದುರು ಇಟ್ಟಂತಿತ್ತು. ತಣ್ಣಗಿತ್ತು. ಡಾಕ್ಟರಬಾಯಿ ಒಂದಾದ ಮೇಲೊಂದು ಒಳಗೆ ಸರಿಸಿ, ಹಿಡಿಗಳನ್ನು ಕೂಡಿಸಿ ಎಳೆದರು. ಅಳು ಕೇಳಲಿಲ್ಲ. ಗಂಡು. ಎರಡೂ ಕಿವಿಯ ಮುಂದೆ ಕೆಂಪು ಗುರುತು.

“ಮುಂಜಾನೆ ತಂದಿದ್ರ ಉಳೀತಿತ್ತೇನೋ,” ಎಂದರು ಡಾಕ್ಟರಬಾಯಿ.

ಅತ್ತೆ ಸೆರಗಿನ ತುದಿಗೆ ಗಂಟು ಹಾಕುತ್ತ, ಬಿಚ್ಚುತ್ತ ನಿಂತಿದ್ದರು. ನಾನು ಕಿಟಕಿಯ ಸರಳು ನೋಡುತ್ತಿದ್ದೆ.

ಎಂಟು ದಿನದ ಮೇಲೆ ಮನೆಗೆ ಬಂದಾಗ ತೆರೆದೇ ಇದ್ದ ಉಪ್ಪಿನಕಾಯಿಗೆ ಬೂಸ್ಟು ಹಿಡಿದಿತ್ತು. ಮೇಲಿನದನ್ನು ತೆಗೆದು ಚೆಲ್ಲಿ, ಉಳಿದದ್ದನ್ನು ರೊಟ್ಟಿಗೆ ಹಚ್ಚಿಕೊಂಡು ಉಂಡೆವು.

ಕರ್ನಾಟಕ ಒಂದಾದ ಮೇಲೆ ಮಗಳು ಹುಟ್ಟಿದಳು. ಆಗಲೂ ಅತ್ತೆ ನನ್ನ ಜಡೆ ಬಿಚ್ಚಿದರು, ಕೀಲಿ ತೆಗೆದರು, ಭರಣಿ ತೆರೆದರು. ಆಮೇಲೆ ಹಿತ್ತಲಿಗೆ ಹೋಗಿ ಎತ್ತುಗಳ ಹಗ್ಗಕ್ಕೆ ಇನ್ನೊಂದು ಗಂಟು ಬಿಗಿದು, ಕೂಸು ಅಳುವ ತನಕ ಕೊಟ್ಟಿಗೆಯ ಬಾಗಿಲಲ್ಲೇ ಕುಳಿತಿದ್ದರು.