ವಿಭೂತಿ ತಿನ್ನುತ್ತಿದ್ದ ಸೊಸೆ

ನಿನ್ನೆ ಬೆಳಿಗ್ಗೆ ಇಚಲಕರಂಜಿಯ ಶಹಾಪುರ ಭಾಗದ ನಮ್ಮ ಓಣಿಯ ಅಂಗಡಿಯಲ್ಲಿ ಸಕ್ಕರೆ ಕಟ್ಟಿಸಿಕೊಳ್ಳುತ್ತ ನಿಂತಿದ್ದೆ. ಅಂಗಡಿಯಾತ ಹೊಸದಾಗಿ ಬಂದ ವಿಭೂತಿ ಗಟ್ಟಿಗಳ ಪೆಟ್ಟಿಗೆ ಬಿಚ್ಚಿದ. ಒಣ ಬೂದಿಯ ತಣ್ಣನೆಯ ವಾಸನೆ ಬಂತು. ಆ ವಾಸನೆಗೆ ನಿಮಗೆ ಕೈ ಮುಗಿಯಬೇಕೆನಿಸೀತು. ನನಗೆ ಒಂದು ಕಾಲದಲ್ಲಿ ಬಾಯಲ್ಲಿ ನೀರೂರುತ್ತಿತ್ತು. ನಗಬೇಡಿ, ಹೇಳುತ್ತೇನೆ.

ನಾನು ಗಡಹಿಂಗ್ಲಜದ ಹುಡುಗಿ. ಇಚಲಕರಂಜಿಯ ಈ ಮನೆಗೆ ಸೊಸೆಯಾಗಿ ಬಂದೆ. ಹಿತ್ತಲಲ್ಲಿ ಮಗ್ಗದ ಶೆಡ್ಡು, ಒಳಗೆ ದೇವರ ಜಗಲಿ. ಮಗ್ಗ ಗಂಡನದು, ಜಗಲಿ ಅತ್ತೆಯದು. ಎರಡನೆಯ ಹೆರಿಗೆಯಾದ ಮೇಲೆ ಮಾಳಿಗೆಯ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಅದೇ ಸುಮಾರಿಗೆ ಒಂದು ದಿನ ವಿಭೂತಿ ಹಚ್ಚಿಕೊಳ್ಳುವಾಗ ಒಂದು ಚೂರು ತುಟಿಯ ಮೇಲೆ ಬಿತ್ತು. ನೆಕ್ಕಿದೆ. ಮರುದಿನ ಬೇಕೆಂದೇ ಒಂದು ಚೂರು ಮುರಿದುಕೊಂಡೆ. ಆಮೇಲೆ ಕೇಳಬೇಡಿ, ಬೆಳಗಿನ ರೊಟ್ಟಿ ಸೇರುತ್ತಿರಲಿಲ್ಲ, ವಿಭೂತಿ ಸೇರುತ್ತಿತ್ತು.

ಗಟ್ಟಿ ಇಷ್ಟು ಬೇಗ ಕರಗುವುದಕ್ಕೆ ಲೆಕ್ಕವೊಂದು ಬೇಕಲ್ಲ? ಹಣೆಯ ತುಂಬ ಮೂರು ದಪ್ಪ ಪಟ್ಟೆ ಎಳೆದುಕೊಂಡೆ. ಕೊರಳಿಗೆ, ತೋಳಿಗೆ, ಮೊಣಕೈಗೂ ಬಳಿದುಕೊಂಡೆ. ಅತ್ತೆಗೆ ಹಿಗ್ಗೋ ಹಿಗ್ಗು. ಮನೆಗೆ ಬಂದವರ ಮುಂದೆಲ್ಲ ನನ್ನದೇ ಕೀರ್ತನೆ.

"ನಮ್ಮ ಸೊಸಿ ಭಾಳ ಭಕ್ತಿವಂತಿ ಅದಾಳ್ರಿ. ಒಂದ್ ಈಬತ್ತಿ ಗಟ್ಟಿ ನಾಕ ದಿನಕ್ಕ ಮುಗಸ್ತಾಳ!"

ಪಕ್ಕದ ಮನೆಯವರು ತಮ್ಮ ಸೊಸೆಯಂದಿರಿಗೆ ನನ್ನನ್ನು ತೋರಿಸಿ ಬುದ್ಧಿ ಹೇಳುತ್ತಿದ್ದರು. ನಾನು ತಲೆ ತಗ್ಗಿಸುತ್ತಿದ್ದೆ. ಅದನ್ನೂ ಅವರು ವಿನಯವೆಂದೇ ತಿಳಿದರು. ಇನ್ನೊಂದು ಅನುಕೂಲವೂ ಇತ್ತು. ಹಣೆಯೆಲ್ಲ ಬೆಳ್ಳಗಿದ್ದಾಗ ಮುಖ ಬಿಳಿಚಿಕೊಂಡದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ನಾಗರಪಂಚಮಿಗೆ ತವರಿಗೆ ಹೋದಾಗ ಜೋಕಾಲಿಯ ಮೇಲೆ ಕಣ್ಣಿಗೆ ಕತ್ತಲೆ ಬಂತು. ತಂಗಿ ಹಿಡಿಯದಿದ್ದರೆ ಬೀಳುತ್ತಿದ್ದೆ. ಅವ್ವ ಡಾಕ್ಟರ ಹತ್ತಿರ ಎಳೆದೊಯ್ದಳು. ಅವರು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಎಸ್‌ಟಿ ಬಸ್ ಸ್ಟ್ಯಾಂಡಿನ ಹಿಂದಿನ ಲ್ಯಾಬಿಗೆ ಚೀಟಿ ಬರೆದುಕೊಟ್ಟರು. ಅಲ್ಲಿ ರಕ್ತ ತೆಗೆಯುತ್ತಿದ್ದವರು ಸುನಂದಾಬಾಯಿ. ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತ ನನ್ನ ಉಗುರು ನೋಡಿದರು.

"ಅಕ್ಕಾರ, ಮಣ್ಣ, ಬಳಪ, ಹಸಿ ಅಕ್ಕಿ, ಇಂಥಾದ ಏನರ ತಿಂತೀರೇನ್ರಿ?"

"ಇಲ್ರಿ" ಎಂದೆ. ನೋಡಿದರೆ ಸುಳ್ಳೇನಲ್ಲ, ಅವರ ಪಟ್ಟಿಯಲ್ಲಿ ವಿಭೂತಿ ಇರಲಿಲ್ಲ. ಅವ್ವ ನೀರು ಕುಡಿಯಲು ಆಚೆ ಹೋದ ಮೇಲೆ ಪಿಸುಗುಟ್ಟಿದೆ: "ಈಬತ್ತಿ ತಿಂತೇನ್ರಿ."

ಆ ಹೆಂಗಸು ನಗಲಿಲ್ಲ. ಅದಕ್ಕಾಗಿ ಇಂದಿಗೂ ಅವರಿಗೆ ಋಣಿ.

"ಘಾಬರಿ ಆಗಬ್ಯಾಡ್ರಿ. ಮೈಯಾಗ ಕಬ್ಬಿಣ ಕಡಿಮಿ ಆದವ್ರು ಭಾಳ ಮಂದಿ ಹಿಂಗ ತಿಂತಾರ. ನಿಮ್ಮ ರಕ್ತಕ್ಕ ಹಸಿವಿ ಆಗೈತ್ರಿ, ಅಷ್ಟ. ಡಾಕ್ಟರ್‌ಗೆ ನಾ ಹೇಳ್ತೇನಿ, ಇನ್ನೆರಡು ಟೆಸ್ಟ್ ಬರೀತಾರ."

ಮರುದಿನ ಡಾಕ್ಟರು ರಿಪೋರ್ಟ್ ನೋಡಿ ಗುಳಿಗೆ ಬರೆದುಕೊಟ್ಟರು. ನನಗೆ ಅದು ತಿಳಿಯುವಂತೆ ಹೇಳಿದ್ದು ಸುನಂದಾಬಾಯಿಯೇ. "ಹಿಮೋಗ್ಲೋಬಿನ್ ಅಂದ್ರ ಬುಟ್ಟ್ಯಾಗಿನ ರೊಟ್ಟಿ ಇದ್ದಂಗ್ರಿ. ಫೆರಿಟಿನ್ ಅಂದ್ರ ಮನ್ಯಾಗಿನ ಜ್ವಾಳದ ಚೀಲ. ನಿಮ್ಮ ಚೀಲಾನೂ ಖಾಲಿ ಆಗೈತಿ. ಅದು ತುಂಬೂತನಕಾ ಗುಳಿಗಿ ಬಿಡಬ್ಯಾಡ್ರಿ. ನಿಂಬಿಹಣ್ಣಿನ ಕೂಡ ತಗೋರಿ, ಮುಂದ ಒಂದ್ ತಾಸ ಚಹಾ ಕುಡೀಬ್ಯಾಡ್ರಿ, ಕುಡದ್ರ ಕಬ್ಬಿಣ ಮೈಗೆ ಹತ್ತೂದಿಲ್ಲ." ಬಿಳಿಚಿಕೊಂಡವರೆಲ್ಲರ ಕೊರತೆ ಒಂದೇ ಅಲ್ಲವಂತೆ. ಕೆಲವರಿಗೆ ಬಿ-ಟ್ವೆಲ್ವ್ ಕಡಿಮೆ, ಕೆಲವರಿಗೆ ಹುಟ್ಟಿನಿಂದಲೇ ರಕ್ತದ ಕಣ ಸಣ್ಣವು. ಪರೀಕ್ಷೆ ಮಾಡದೆ ಔಷಧ ಕೊಟ್ಟರೆ ಪ್ರಯೋಜನವಿಲ್ಲ. ನಾನಾಗಿಯೇ ತರಿಸಿ ಅರ್ಧರ್ಧ ಕುಡಿದಿಟ್ಟ ಕೆಂಪು ಟಾನಿಕ್ಕಿನ ಬಾಟಲಿಗಳು ನೆನಪಾದವು.

ಗುಳಿಗೆ ನುಂಗುತ್ತ ಕೆಲವೇ ವಾರಗಳಲ್ಲಿ ವಿಭೂತಿಯ ಆಸೆ ಹೋಯಿತು. ಕಷ್ಟ ಶುರುವಾದದ್ದು ಆಗಲೇ. ಗಟ್ಟಿ ಸವೆಯುತ್ತಿರಲಿಲ್ಲ. ಅತ್ತೆ ಅದನ್ನು ಕೈಯಲ್ಲಿ ಹಿಡಿದುಕೊಂಡು ಬಂದರು.

"ಯಾಕ ಬೇ, ದೇವರ ಮ್ಯಾಲೆ ಸಿಟ್ಟ ಮಾಡೀ ಏನ?"

ಓಣಿಯಲ್ಲಿ ಗಳಿಸಿದ ಹೆಸರೆಲ್ಲ ಒಂದು ಮಾತಿಗೆ ಹೋಗುತ್ತದಲ್ಲ ಎಂದು ಹೆದರಿದೆ. ಆದರೂ ರಿಪೋರ್ಟನ್ನು ಅವರ ಮುಂದಿಟ್ಟು ಎಲ್ಲವನ್ನೂ ಹೇಳಿಬಿಟ್ಟೆ. ಅತ್ತೆಗೆ ಓದು ಬಾರದು. ಹಾಳೆಯನ್ನು ಹೊರಳಿಸಿ ನೋಡಿದರು. ಬೈಗುಳಕ್ಕಾಗಿ ಕಾಯುತ್ತ ನಿಂತೆ.

"ನನಗ ಒಬ್ಬಾಕಿ ತಂಗಿ ಇದ್ಳು, ಕುರುಂದವಾಡದಾಗ" ಎಂದರು. "ಗ್ವಾಡಿ ಮಣ್ಣ ಕೆರಕೊಂಡ ತಿಂತಿದ್ಳು. ಅಪ್ಪ ಆಕಿ ಕೈಗೆ ಕಾಸಿ ಬರಿ ಎಳದ. ಚೊಚ್ಚಲ ಹಡಿಯೂ ಮುಂದ ಮೈಯಾಗ ರಕ್ತನ ಇಲ್ಲ ಅಂದ್ರು. ಹ್ವಾದ್ಳು." ಹಾಳೆಯನ್ನು ಮಡಚಿ ನನ್ನ ಕೈಗಿಟ್ಟು, "ಅಪ್ಪಗ ಚಾಡಿ ಹೇಳಿದಾಕಿ ನಾನ" ಎಂದರು.

ಮರುದಿನದಿಂದ ನನ್ನ ಗುಳಿಗೆ, ಅರ್ಧ ನಿಂಬೆಹಣ್ಣಿನ ಜೊತೆ, ತಾಟಿನ ಬದಿಗೆ ಬಂದು ಕೂರತೊಡಗಿತು. ಗುಳಿಗೆ ನುಂಗಿ ಒಂದು ತಾಸಾಗುವ ತನಕ ಚಹಾ ಕೇಳಿದರೆ ಅತ್ತೆ ಕಣ್ಣು ಬಿಡುತ್ತಿದ್ದರು. ಚೀಲ ತುಂಬುವ ತನಕ ಒಂದು ದಿನವೂ ತಪ್ಪಿಸಲಿಲ್ಲ. ನನ್ನನ್ನು ಉಳಿಸಿದ್ದು ಲ್ಯಾಬಿನ ಆ ಹೆಂಗಸೋ, ಈ ಮುದುಕಿಯೋ ಎಂದು ಕೇಳಿದರೆ ನನಗೆ ಹೇಳಲಾಗದು. ಇಬ್ಬರ ಹೆಸರನ್ನೂ ಒಟ್ಟಿಗೇ ನೆನೆಯುತ್ತೇನೆ.

ನಿನ್ನೆ ನಾನು ಮನೆಗೆ ಬರುವಷ್ಟರಲ್ಲಿ ಎದುರುಮನೆಯ ಹೊಸ ಸೊಸೆ ಮೊಸರಿನ ಹೆಪ್ಪು ಕೇಳಿಕೊಂಡು ಬಂದಿದ್ದಳು. ಅತ್ತೆ ಅವಳನ್ನು ಹತ್ತಿರ ಕೂರಿಸಿಕೊಂಡು, ಬೆರಳಿನಿಂದ ಅವಳ ಕಣ್ಣಿನ ರೆಪ್ಪೆ ಎಳೆದು ನೋಡುತ್ತಿದ್ದರು.

"ಕದ್ದು ಏನರ ತಿಂತಿ ಏನ ತಂಗಿ? ಖರೇ ಹೇಳು. ನಾ ಬೈಯೂದಿಲ್ಲ. ಯಾರಿಗೂ ಹೇಳೂದಿಲ್ಲ."

ಹುಡುಗಿ ಬಾಗಿಲ ಕಡೆ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಬಳಪದ ಚೂರುಗಳಿದ್ದವು. ಅತ್ತೆ ಅವಳ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು. ನಾನು ಸಕ್ಕರೆಯ ಪೊಟ್ಟಣ ಕೆಳಗಿಟ್ಟು, ಅವಳನ್ನು ಇಲ್ಲಿಯ ಲ್ಯಾಬಿಗೆ ಕರೆದೊಯ್ಯಲು ಮತ್ತೆ ಚಪ್ಪಲಿ ಮೆಟ್ಟಿಕೊಂಡೆ.